ಕಲಕಿದ ವರ್ಟ್, ಕೈಕೊಡುವ ಬಿಯರ್: ಆಲೆಮನೆಯಿಂದ ಕಲಿಯಬಹುದಾದ್ದೇನು?

ಕಳೆದ ಫೆಬ್ರವರಿಯ ಒಂದು ಬೆಳಗ್ಗೆ ಆಯನೂರಿನ ನಮ್ಮ ಮನೆ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಟೆಕ್ಸಾಸಿನಲ್ಲಿರುವ ತಂಗಿ ಮಗನ ವಿಡಿಯೊ ಕಾಲ್ ಬಂತು. ಅಲ್ಲಿ ಆಗ ಹಿಂದಿನ ದಿನದ ರಾತ್ರಿ. ಫೋನನ್ನು ಒಂದು ದೊಡ್ಡ ಸ್ಟೀಲ್ ಪಾತ್ರೆಯೊಳಗೆ ಬಗ್ಗಿಸಿ ತೋರಿಸಿದ. ಒಳಗೆ ಕೆಸರು ನೀರಿನಂಥ ಏನೋ ಇತ್ತು.

‘ಮಾವ, ನೋಡಿ ಇದನ್ನ. ಇಪ್ಪತ್ತು ಲೀಟರ್. ಇಡೀ ಶನಿವಾರ ಇದಕ್ಕೇ ಹೋಯ್ತು. ಚೆಲ್ಲಿಬಿಡ್ಲಾ?’

‘ಚೆಲ್ಲಬೇಡ ಕಣೋ, ಮೊದಲು ಏನೇನು ಹಾಕಿದೆ ಹೇಳು’ ಅಂದೆ.

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ ಇರುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ನಾನೂ ಕೇಳಿದ್ದೆ. ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದ ವರ್ಷಗಳಲ್ಲಿ ಮನೆಯ ಅಡುಗೆಮನೆಯಲ್ಲೇ ಬಿಯರ್ ಮಾಡುತ್ತಿದ್ದೆ. ಅಲ್ಲಿ 1963ರಿಂದ ಸ್ವಂತ ಬಳಕೆಗೆ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು. ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ.

ಕರ್ನಾಟಕದ ಮಾತು ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಹೊರದೇಶದಲ್ಲಿ ಕಾನೂನು ಪ್ರಕಾರವೇ ಈ ಹವ್ಯಾಸ ಇಟ್ಟುಕೊಂಡಿರುವ ನಮ್ಮ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ಈ ಬರಹ ಅವರಿಗೆ. ಜೊತೆಗೆ, ‘ತಿಳಿಯಾಗಿ ಕಂಡದ್ದೇ ಒಳ್ಳೆಯದು’ ಅಂತ ನಂಬಿರುವ ನಮ್ಮೆಲ್ಲರಿಗೂ.

ವರ್ಟ್ ಅಂದರೇನು?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ನಮ್ಮಲ್ಲಿ ರಾಗಿ ಮೊಳಕೆ ಕಟ್ಟಿ ಮಕ್ಕಳಿಗೆ ಸರಿ ಹಿಟ್ಟು ಮಾಡುತ್ತೇವಲ್ಲ, ಅದೇ ವಿದ್ಯೆ. ಮೊಳಕೆ ಬಂದಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಮಾಲ್ಟನ್ನು ತರಿತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಇದಕ್ಕೆ ಮ್ಯಾಶ್ ಅನ್ನುತ್ತಾರೆ. ಸೋಸಿದಾಗ ಸಿಗುವ ಸಿಹಿ ರಸವೇ ವರ್ಟ್. ಅದನ್ನು ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಎರಡು ಮೂರು ವಾರಕ್ಕೆ ಬಿಯರ್.

ಒಂದು ಲೆಕ್ಕದಲ್ಲಿ ವರ್ಟ್ ಕಬ್ಬಿನ ಹಾಲಿನ ದಾಯಾದಿ. ಎರಡೂ ಗಿಡದಿಂದ ಬಂದ ಸಿಹಿ ರಸ. ಎರಡರಲ್ಲೂ ಸಕ್ಕರೆಯ ಜೊತೆ ಪ್ರೋಟೀನು, ಅಂಟು, ನಾರಿನ ಚೂರು ಸೇರಿರುತ್ತದೆ. ಎರಡನ್ನೂ ಕುದಿಸಿ ತಿಳಿ ಮಾಡಬೇಕು.

ನಮ್ಮ ಚಿಕ್ಕಪ್ಪ ಭದ್ರಾವತಿ ಕಡೆ ಆಲೆಮನೆ ನಡೆಸುತ್ತಿದ್ದರು. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದಾಗ ಕಲಕು ಕಲಕಾಗಿ, ಹಸಿರುಗಪ್ಪು ಬಣ್ಣದಲ್ಲಿರುತ್ತಿತ್ತು. ಜಜ್ಜಿದ ಬೆಂಡೆ ಗಿಡವನ್ನು ನೀರಿನಲ್ಲಿ ಹಿಚುಕಿ ತೆಗೆದ ಲೋಳೆಯನ್ನು ಅದಕ್ಕೆ ಹಾಕುತ್ತಿದ್ದರು. ಸ್ವಲ್ಪ ಸುಣ್ಣದ ತಿಳಿಯನ್ನೂ ಬಿಡುತ್ತಿದ್ದರು. ಬಿಸಿ ಏರುತ್ತಿದ್ದ ಹಾಗೆ ಕೊಳೆಯೆಲ್ಲ ಲೋಳೆಗೆ ಅಂಟಿಕೊಂಡು ದಪ್ಪ ನೊರೆಯಾಗಿ ಮೇಲೆ ಬರುತ್ತಿತ್ತು. ಜೋರಾಗಿ ಕುದಿ ಬರುವ ಮೊದಲೇ ಅದನ್ನು ಜಾಲರಿಯಲ್ಲಿ ತೆಗೆದುಬಿಡಬೇಕು. ಕುದಿ ಬಂದರೆ ಮತ್ತೆ ಒಳಗೇ ಬೆರೆತುಹೋಗುತ್ತದೆ.

ಬಿಯರ್ ಪಾತ್ರೆಯಲ್ಲೂ ಇದೇ ಆಟ. ಅಲ್ಲಿ ಬೆಂಡೆ ಲೋಳೆಯ ಜಾಗದಲ್ಲಿ ಐರಿಶ್ ಮಾಸ್ ಅನ್ನುವ ಒಣಗಿದ ಕಡಲಪಾಚಿ. ವ್ಯತ್ಯಾಸ ಒಂದೇ: ಕೊಪ್ಪರಿಗೆಯಲ್ಲಿ ಕೊಳೆ ಮೇಲೆ ತೇಲುತ್ತದೆ, ಬಿಯರಿನಲ್ಲಿ ತಳಕ್ಕೆ ಇಳಿಯುತ್ತದೆ.

ಮೊದಲ ಮಾತು: ಹೆದರಬೇಡಿ

ಕಲಕಿದ ವರ್ಟ್ ಅಂದ ಮಾತ್ರಕ್ಕೆ ಕಲಕಿದ ಬಿಯರ್ ಆಗಬೇಕು ಅಂತೇನಿಲ್ಲ. ಯೀಸ್ಟ್ ತನ್ನ ಕೆಲಸ ಮುಗಿಸಿ ತಳಕ್ಕೆ ಇಳಿಯುವಾಗ ಬಹಳಷ್ಟನ್ನು ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ವರ್ಟಿನಲ್ಲಿರುವ ಸ್ವಲ್ಪ ಮಡ್ಡಿ ಯೀಸ್ಟಿಗೆ ಆಹಾರವೂ ಹೌದು. ಹಾಗಾಗಿ ಕುದಿಸಿದ ದಿನ ಕಂಡ ಬಣ್ಣ ನೋಡಿ ಇಪ್ಪತ್ತು ಲೀಟರ್ ಚೆಲ್ಲುವುದು ದುಡುಕು.

ಕಲಕು ಯಾವ ಜಾತಿಯದು ಅಂತ ಗುರುತಿಸುವುದು ಮುಖ್ಯ. ಕಾರಣ ಬೇರೆಯಾದರೆ ಮದ್ದೂ ಬೇರೆ.

ಕಲಕಿನ ಐದು ಬಗೆ

ಒಂದು, ಪಿಷ್ಟದ ಕಲಕು. ಮ್ಯಾಶ್ ಸರಿಯಾಗಿ ಆಗದೆ ಪಿಷ್ಟ ಸಕ್ಕರೆಯಾಗದೆ ಉಳಿದರೆ ಬರುವುದು. ಇದು ತಾನಾಗಿ ಹೋಗುವುದಿಲ್ಲ, ಎಷ್ಟು ದಿನ ಇಟ್ಟರೂ ಮಬ್ಬು ಮಬ್ಬೇ. ಪರೀಕ್ಷೆ ಸುಲಭ: ಮ್ಯಾಶ್ ಮುಗಿಯುವ ಹೊತ್ತಿಗೆ ಸಿಪ್ಪೆ ಇಲ್ಲದ ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ ಆರಿಸಿ, ಒಂದು ಹನಿ ಅಯೋಡಿನ್ ಬಿಡಿ. ಕಂದು ಬಣ್ಣ ಹಾಗೇ ಉಳಿದರೆ ಸರಿ ಇದೆ. ನೀಲಿಗಪ್ಪು ಆದರೆ ಪಿಷ್ಟ ಉಳಿದಿದೆ, ಇನ್ನೂ ಇಪ್ಪತ್ತು ನಿಮಿಷ ಇಡಿ. ಪರೀಕ್ಷೆ ಮಾಡಿದ ರಸವನ್ನು ಮಾತ್ರ ಚೆಲ್ಲಿಬಿಡಿ, ಪಾತ್ರೆಗೆ ವಾಪಸ್ ಹಾಕಬಾರದು.

ಎರಡು, ಪ್ರೋಟೀನಿನ ಕಲಕು. ಕುದಿ ಸಾಲದಿದ್ದರೆ, ಆರಿಸುವುದು ನಿಧಾನವಾದರೆ ಬರುತ್ತದೆ. ಚೆನ್ನಾಗಿ ಕುದಿಯುವಾಗ ಒಡೆದ ಹಾಲಿನ ಹಾಗೆ ಚೂರು ಚೂರು ಓಡಾಡುವುದು ಕಾಣಬೇಕು. ಕಂಡರೆ ಗಾಬರಿಯಾಗಬೇಡಿ, ಪ್ರೋಟೀನು ಗಟ್ಟಿಯಾಗುತ್ತಿದೆ ಅಂತಲೇ ಅರ್ಥ. ಕುದಿ ಮುಗಿಯಲು 15 ನಿಮಿಷ ಇರುವಾಗ 20 ಲೀಟರಿಗೆ ಒಂದು ಟೀ ಚಮಚ ಐರಿಶ್ ಮಾಸ್ ಹಾಕಿ. ಆಮೇಲೆ ಅರ್ಧ ಗಂಟೆಯೊಳಗೆ 20 ಡಿಗ್ರಿಗೆ ಇಳಿಸಿ. ತಾಮ್ರದ ಸುರುಳಿ ಕೊಳವೆಯಲ್ಲಿ ತಣ್ಣೀರು ಹಾಯಿಸುವುದು ಒಳ್ಳೆಯ ದಾರಿ. ಅದಿಲ್ಲದಿದ್ದರೆ ಪಾತ್ರೆಯನ್ನೇ ಐಸ್ ನೀರಿನ ಟಬ್ಬಿನಲ್ಲಿ ಇಡಬಹುದು.

ಮೂರು, ತಣ್ಣಗಾದಾಗ ಬರುವ ಮಬ್ಬು. ಹೊರಗಿಟ್ಟಾಗ ತಿಳಿ, ಫ್ರಿಜ್ಜಿನಲ್ಲಿಟ್ಟರೆ ಮಂಜು. ಪ್ರೋಟೀನೂ, ಕಾಳಿನ ಸಿಪ್ಪೆ ಮತ್ತು ಹಾಪ್ಸಿನಿಂದ ಬಂದ ಒಗರು ಅಂಶವೂ ಕೈ ಹಿಡಿದುಕೊಂಡಾಗ ಹೀಗಾಗುತ್ತದೆ. ರುಚಿಗೆ ತೊಂದರೆ ಇಲ್ಲ. ಒಂದರಿಂದ ನಾಲ್ಕು ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಬಹುಪಾಲು ತಳ ಹಿಡಿಯುತ್ತದೆ.

ನಾಲ್ಕು, ಯೀಸ್ಟಿನ ಮಬ್ಬು. ಕೆಲವು ಯೀಸ್ಟ್ ಬೇಗ ಇಳಿಯುತ್ತವೆ, ಕೆಲವು ವಾರಗಟ್ಟಲೆ ತೇಲುತ್ತಲೇ ಇರುತ್ತವೆ. ಜರ್ಮನಿಯ ಗೋಧಿ ಬಿಯರ್ ಮಬ್ಬಾಗಿಯೇ ಇರಬೇಕು, ಅದು ಅದರ ಲಕ್ಷಣ. ಇದಕ್ಕೆ ಮದ್ದು ತಾಳ್ಮೆ ಮತ್ತು ತಂಪು.

ಐದು, ಕೆಟ್ಟ ಮಬ್ಬು. ಬ್ಯಾಕ್ಟೀರಿಯಾ ಅಥವಾ ಕಾಡು ಯೀಸ್ಟ್ ಸೇರಿಕೊಂಡಾಗ ಬರುವುದು. ಮೇಲೆ ಪೊರೆ ಕಟ್ಟುತ್ತದೆ, ಬೇಡದ ಹುಳಿ ಬರುತ್ತದೆ, ಬಾಟಲಿಯಲ್ಲಿ ಗ್ಯಾಸ್ ದಿನದಿಂದ ದಿನಕ್ಕೆ ಏರುತ್ತದೆ. ಈ ಐದರಲ್ಲಿ ಚೆಲ್ಲಬೇಕಾದ್ದು ಇದೊಂದೇ.

ಹುಡುಗನ ಪಾತ್ರೆಯಲ್ಲಿ ಏನಾಗಿತ್ತು?

ಕೇಳುತ್ತಾ ಹೋದಾಗ ವಿಷಯ ಹೊರಬಂತು. ಮೊದಲ ಸಲ ಬರೀ ಬಾರ್ಲಿ ಮಾಲ್ಟಿನಲ್ಲಿ ಮಾಡಿದ್ದಾನೆ, ತಿಳಿಯಾಗಿ ಬಂದಿದೆ. ಎರಡನೇ ಸಲ ‘ನಮ್ಮೂರಿನ ಟಚ್ ಇರಲಿ’ ಅಂತ ಇಂಡಿಯನ್ ಅಂಗಡಿಯಿಂದ ಒಂದು ಕೆಜಿ ರಾಗಿ ಹಿಟ್ಟು ತಂದು ನೇರ ಮ್ಯಾಶಿಗೆ ಸುರಿದಿದ್ದಾನೆ. 66 ಡಿಗ್ರಿ, ಒಂದು ಗಂಟೆ, ಎಲ್ಲ ಪುಸ್ತಕದ ಪ್ರಕಾರವೇ.

‘ರಾಗಿ ಹಿಟ್ಟನ್ನ ಬಿಸಿನೀರಿಗೆ ಹಾಕಿಟ್ಟರೆ ಮುದ್ದೆ ಆಗುತ್ತೇನೋ?’ ಅಂತ ಕೇಳಿದೆ.

‘ಇಲ್ಲ, ಕುದಿಬೇಕು’ ಅಂದ. ಆಮೇಲೆ ತಾನೇ ಸುಮ್ಮನಾದ.

ಪಿಷ್ಟ ಮೊದಲು ಬೆಂದು ಅರಳಬೇಕು. ಆಗಲೇ ಕಿಣ್ವಗಳ ಬಾಯಿಗೆ ಸಿಗುವುದು. ಬಾರ್ಲಿಯ ಪಿಷ್ಟ ಮ್ಯಾಶಿನ ಬಿಸಿಯಲ್ಲೇ ಅರಳುತ್ತದೆ. ರಾಗಿ, ಜೋಳ, ಅಕ್ಕಿಗೆ ಇನ್ನೂ ಹೆಚ್ಚು ಬಿಸಿ ಬೇಕು. ಆದರೆ ಅಷ್ಟು ಬಿಸಿಯಲ್ಲಿ ಬಾರ್ಲಿಯ ಕಿಣ್ವ ಸತ್ತುಹೋಗುತ್ತದೆ. ಹಾಗಾಗಿ ರಾಗಿಯನ್ನು ಬೇರೆಯಾಗಿ ಗಂಜಿ ಕಾಯಿಸಿ, ಅದು 66 ಡಿಗ್ರಿ ಹತ್ತಿರ ಇಳಿದ ಮೇಲೆ ಬಾರ್ಲಿ ಮಾಲ್ಟಿನ ಜೊತೆ ಸೇರಿಸಬೇಕು. ಇನ್ನೊಂದು ತೊಂದರೆ ಹಿಟ್ಟಿನ ನಯ. ಬಾರ್ಲಿಯ ಸಿಪ್ಪೆಯೇ ಸೋಸುವ ಜರಡಿ. ರಾಗಿ ಹಿಟ್ಟಿಗೆ ಆ ಸಿಪ್ಪೆ ಇಲ್ಲ, ಬಟ್ಟೆಯನ್ನೂ ದಾಟಿಕೊಂಡು ಹೋಗುತ್ತದೆ.

ಅಯೋಡಿನ್ ತರಿಸಿ ಹನಿ ಹಾಕಿಸಿದೆ. ತಟ್ಟೆ ನೀಲಿಗಪ್ಪಾಯಿತು. ಆ ಬ್ಯಾಚ್ ಇನ್ನು ತಿಳಿಯಾಗುವುದಿಲ್ಲ ಅಂತ ಅಲ್ಲಿಗೇ ಖಾತ್ರಿ. ಆದರೆ ಕೆಟ್ಟಿಲ್ಲ. ಚೆನ್ನಾಗಿ ಕುದಿಸಿ, ಆರಿಸಿ, ಯೀಸ್ಟ್ ಹಾಕು, ತಿಂಗಳೊಳಗೆ ಕುಡಿದು ಮುಗಿಸು ಅಂದೆ. ಆಫ್ರಿಕಾದ ಹಲವು ದೇಶಗಳಲ್ಲಿ ಜೋಳ, ರಾಗಿಯ ಬಿಯರ್ ಗಂಜಿಯ ಹಾಗೆ ಮಬ್ಬಾಗಿಯೇ ಇರುತ್ತದೆ. ಅಲ್ಲಿ ಅದನ್ನು ಯಾರೂ ಕೊರತೆ ಅನ್ನುವುದಿಲ್ಲ.

ಒಂದು ಸಲ ಬಂದದ್ದು ಇನ್ನೊಂದು ಸಲ ಯಾಕೆ ಬರಲ್ಲ?

ಅದೇ ಗದ್ದೆಯ ಕಬ್ಬು, ಅದೇ ಕೊಪ್ಪರಿಗೆ. ನಿನ್ನೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ಕೂತಿದೆ, ಇವತ್ತು ಅಂಟಾಗಿ ಉಳಿದಿದೆ. ಆಲೆಮನೆಯಲ್ಲಿ ಇದು ಹೊಸದಲ್ಲ. ಚಿಕ್ಕಪ್ಪ ಆಗ ಒಲೆಯನ್ನು ಬಯ್ಯುತ್ತಿರಲಿಲ್ಲ. ‘ಕಬ್ಬು ಕಡಿದಿದ್ದು ಯಾವತ್ತು?’ ಅಂತ ಕೇಳುತ್ತಿದ್ದರು. ಕಡಿದು ಎರಡು ಮೂರು ದಿನ ಬಿದ್ದ ಕಬ್ಬಿನ ಹಾಲು ಹುಳಿಯಾಗುತ್ತದೆ, ಸಕ್ಕರೆ ಒಡೆಯುತ್ತದೆ, ಬೆಲ್ಲ ಕಟ್ಟುವುದಿಲ್ಲ. ಅಂದರೆ ಇವತ್ತಿನ ತಪ್ಪು ಇವತ್ತೇ ಆಗಿರಬೇಕು ಅಂತಿಲ್ಲ.

ಬಿಯರಿನಲ್ಲೂ ಹಾಗೇ. ನನ್ನ ಅನುಭವದಲ್ಲಿ ಫಲಿತಾಂಶ ಏರುಪೇರಾಗುವುದು ಹೆಚ್ಚಾಗಿ ಇವುಗಳಿಂದ.

ಹುದುಗುವ ಜಾಗದ ಬಿಸಿ: ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಹುದುಗುವಾಗ ಅದೇ ಬಿಸಿ ಹುಟ್ಟಿಸುತ್ತದೆ, ಪಾತ್ರೆಯ ಒಳಗೆ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಚಳಿಗಾಲದಲ್ಲಿ ಚೆನ್ನಾಗಿ ಬಂದದ್ದು ಬೇಸಿಗೆಯಲ್ಲಿ ತಲೆ ಹಿಡಿಸುವ ಘಾಟು ಬರಲು ಇದೇ ಕಾರಣ. ಮೊದಲ ಮೂರು ದಿನದ ಬಿಸಿ ಹತೋಟಿಯಲ್ಲಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ಯೀಸ್ಟಿನ ವಯಸ್ಸು: ಹಳೆಯ ಪ್ಯಾಕೆಟ್ಟಿನಲ್ಲಿ ಜೀವಂತ ಯೀಸ್ಟ್ ಕಡಿಮೆ. ಶುರುವಾಗುವುದು ತಡವಾದರೆ ಆ ಸಂದಿಯಲ್ಲಿ ಬೇರೆಯವು ನುಗ್ಗುತ್ತವೆ.

ನೀರು: ನಲ್ಲಿ ನೀರಿನ ಕ್ಲೋರಿನ್ ಔಷಧಿ ವಾಸನೆ ಕೊಡುತ್ತದೆ. ಕುದಿಸಿದರೆ ಕ್ಲೋರಿನ್ ಹೋಗುತ್ತದೆ, ಆದರೆ ಅಮೆರಿಕದ ಅನೇಕ ನಗರಗಳು ಬಳಸುವ ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೆ ಕ್ಯಾಂಪ್‌ಡೆನ್ ಮಾತ್ರೆ ಬೇಕು. ಕ್ಷಾರ ಹೆಚ್ಚಿರುವ ನೀರಾದರೆ ಮ್ಯಾಶಿನ ಪಿಎಚ್ ಮೇಲೇರಿ ಒಗರೂ ಮಬ್ಬೂ ಎರಡೂ ಬರುತ್ತವೆ. ಪಿಎಚ್ 5.2ರಿಂದ 5.6ರ ಒಳಗಿರಲಿ. ಆಲೆಮನೆಯಲ್ಲಿ ಸುಣ್ಣ ಜಾಸ್ತಿಯಾದರೆ ಬೆಲ್ಲ ಕಪ್ಪಾಗುವುದೂ ಇದೇ ಪಿಎಚ್ ಲೆಕ್ಕವೇ.

ಶುಚಿ: ಕುದಿಯುವ ತನಕ ಏನು ತಾಕಿದರೂ ಪರವಾಗಿಲ್ಲ. ಆರಿದ ಮೇಲೆ ತಾಕುವ ಪ್ರತಿ ಚಮಚ, ಕೊಳವೆ, ಮುಚ್ಚಳ ಸೋಂಕು ಕಳೆದದ್ದೇ ಆಗಿರಬೇಕು. ಮೊದಲು ಉಜ್ಜಿ ತೊಳೆಯಬೇಕು, ಆಮೇಲೆ ಸೋಂಕು ಕಳೆಯಬೇಕು. ಇವೆರಡೂ ಬೇರೆ ಬೇರೆ ಕೆಲಸ.

ಅಳತೆ ಮತ್ತು ಪುಸ್ತಕ: ಇದನ್ನು ಬಿಟ್ಟವರೇ ಹೆಚ್ಚು. ನಾನೂ ಬಿಟ್ಟಿದ್ದೆ, ಅದಕ್ಕೆ ದಂಡ ತೆತ್ತಿದ್ದೇನೆ.

ನನ್ನ ಮೆಟ್ಟಿಲ ಕೆಳಗಿನ ಸ್ಫೋಟ

ಇಂಗ್ಲೆಂಡಿನ ಆ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಕಪಾಟಿತ್ತು. ಬಾಟಲಿಗಳನ್ನು ಅಲ್ಲಿ ಜೋಡಿಸಿಡುತ್ತಿದ್ದೆ. ಒಂದು ಸಲ ಎರಡು ವಾರವಾಗಿದೆ, ಗುಳ್ಳೆ ನಿಂತಿದೆ, ಇನ್ನೇನು ಮುಗಿಯಿತು ಅಂತ ಅಳತೆ ನೋಡದೆ ಬಾಟಲಿಗೆ ತುಂಬಿಬಿಟ್ಟೆ. ಹತ್ತು ದಿನದ ಮೇಲೆ ನಡುರಾತ್ರಿ ಢಂ ಅಂತ ಸದ್ದು. ಆಮೇಲೆ ಇನ್ನೊಂದು. ಬೆಳಗ್ಗೆ ಬಾಗಿಲು ತೆಗೆದರೆ ಗಾಜಿನ ಚೂರು ಕಪಾಟಿನ ಮರದೊಳಗೆ ಚುಚ್ಚಿಕೊಂಡು ನಿಂತಿತ್ತು. ಮಗಳು ಹಗಲು ಹೊತ್ತು ಆಟದ ಸಾಮಾನು ಇಡುತ್ತಿದ್ದದ್ದೂ ಅದೇ ಕಪಾಟಿನಲ್ಲಿ. ಆ ಚೂರನ್ನು ನೋಡಿ ಕೈಕಾಲು ತಣ್ಣಗಾಯಿತು.

ಗುಳ್ಳೆ ನಿಂತಿತು ಅಂದರೆ ಮುಗಿಯಿತು ಅಂತಲ್ಲ. ಹೈಡ್ರೋಮೀಟರ್ ಹೇಳಬೇಕು. ಶುರುವಿನಲ್ಲಿ 1.050 ಇದ್ದದ್ದು ಕೊನೆಗೆ 1.012ಕ್ಕೆ ಇಳಿದರೆ ಸುಮಾರು ಶೇ 5ರಷ್ಟು ಆಲ್ಕೋಹಾಲ್. ಮೂರು ದಿನ ಬಿಡದೆ ಒಂದೇ ಅಂಕಿ ಬಂದ ಮೇಲೆಯೇ ಬಾಟಲಿಗೆ ತುಂಬಬೇಕು. ಗ್ಯಾಸಿಗಾಗಿ ಹಾಕುವ ಸಕ್ಕರೆ ಲೀಟರಿಗೆ ಆರೇಳು ಗ್ರಾಂ, ತೂಕ ಮಾಡಿಯೇ ಹಾಕಬೇಕು. ಕಣ್ಣಂದಾಜು ಬೇಡ. ಕಲಕಿದ ಬಿಯರ್ ಯಾರಿಗೂ ಗಾಯ ಮಾಡಿದ್ದಿಲ್ಲ, ಅಳತೆ ತಪ್ಪಿದ ಬಾಟಲಿ ಮಾಡುತ್ತದೆ. ನಾವು ಹೆದರುವುದು ಮಾತ್ರ ಕಲಕಿಗೆ!

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ಮಾಲ್ಟಿನ ತೂಕ, ಮ್ಯಾಶಿನ ಬಿಸಿ, ಅಯೋಡಿನ್ ಬಣ್ಣ, ಆರಿಸಲು ಹಿಡಿದ ನಿಮಿಷ, ಯೀಸ್ಟಿನ ಹೆಸರು, ಕೋಣೆಯ ಬಿಸಿ, ಹೈಡ್ರೋಮೀಟರ್ ಅಂಕಿ, ಕೊನೆಗೆ ರುಚಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮಾಲ್ಟೂ, ಯೀಸ್ಟೂ, ನೀರೂ ಒಟ್ಟಿಗೆ ಬದಲಿಸಿದರೆ ಚೆನ್ನಾಗಿ ಬಂದರೂ ಯಾಕೆ ಅಂತ ಗೊತ್ತಾಗಲ್ಲ, ಕೆಟ್ಟರೂ ಗೊತ್ತಾಗಲ್ಲ.

ತಿಳಿಯ ಮೋಹ ಎಲ್ಲಿಗೆ ಒಯ್ದಿದೆ?

ಕೈಗಾರಿಕೆಯ ಬಿಯರ್ ಯಂತ್ರದಲ್ಲಿ ಸೋಸಿ ಗಾಜಿನಂತೆ ಬರುತ್ತದೆ. ಅದನ್ನೇ ನೋಡಿ ಬೆಳೆದ ಕಣ್ಣಿಗೆ ಮಬ್ಬು ಅಂದರೆ ಕೊಳೆ. ಬೆಲ್ಲದಲ್ಲಿ ಇದೇ ಕಣ್ಣು ಮಾಡಿದ ಅನಾಹುತ ನಮ್ಮ ಎದುರಿಗೇ ಇದೆ. ಪೇಟೆಯವರಿಗೆ ಹೊಂಬಣ್ಣದ ಬೆಲ್ಲ ಬೇಕು. ಕಪ್ಪು ಬೆಲ್ಲಕ್ಕೆ ರೇಟಿಲ್ಲ. ಬೆಂಡೆ ಗಿಡ ಜಜ್ಜಿ ಕೂರಲು ಆಳಿಲ್ಲ. ಹಾಗಾಗಿ ಅನೇಕ ಆಲೆಮನೆಗಳಿಗೆ ಹೈಡ್ರೋಸ್ ಬಂತು. ಸೋಡಿಯಂ ಹೈಡ್ರೋಸಲ್ಫೈಟ್ ಅನ್ನುವ ಬಿಳಿಚಿಸುವ ರಾಸಾಯನಿಕ ಅದು, ಬಟ್ಟೆ ಕಾರ್ಖಾನೆಗಳಲ್ಲಿ ಬಳಸುವಂಥದ್ದು. ಒಂದಿಷ್ಟು ಹಾಕಿದರೆ ಕೊಪ್ಪರಿಗೆಯ ಬಣ್ಣವೇ ತಿಳಿಯಾಗುತ್ತದೆ. ಕೊಳೆ ಹೋಗಿರುವುದಿಲ್ಲ, ಕಾಣಿಸುವುದಿಲ್ಲ ಅಷ್ಟೆ. ಗಂಧಕದ ಅಂಶ ಬೆಲ್ಲದಲ್ಲೇ ಉಳಿಯುತ್ತದೆ.

ರೈತನನ್ನು ಬಯ್ಯುವುದು ಸುಲಭ. ಆದರೆ ಬಣ್ಣಕ್ಕೆ ದುಡ್ಡು ಕೊಟ್ಟವರು ನಾವು. ಹೈಡ್ರೋಸ್ ಬೇಡ ಅಂದ ಚಿಕ್ಕಪ್ಪನ ಬೆಲ್ಲವನ್ನು ಮಂಡಿಯಲ್ಲಿ ಕಡಿಮೆ ದರಕ್ಕೆ ಕೇಳುತ್ತಿದ್ದರು. ಕೆಲವು ವರ್ಷ ತಡೆದರು, ಆಮೇಲೆ ಕೊಪ್ಪರಿಗೆ ಮಗುಚಿಟ್ಟರು. ಈಗ ಅಲ್ಲಿ ಅಡಿಕೆ ಇದೆ.

ಹಾಗಾಗಿ ಬಿಯರ್ ಮಾಡುವ ಹುಡುಗರಿಗೆ ನಾನು ಹೇಳುವುದು: ತಿಳಿಯಾಗಿಸಲು ಕಲಿಯಿರಿ, ಯಾಕೆಂದರೆ ಕಲಕು ಒಂದು ಸುದ್ದಿ. ಮ್ಯಾಶ್ ತಪ್ಪಿದೆ, ಕುದಿ ಸಾಲದು, ಸೋಂಕು ತಗುಲಿದೆ ಅಂತ ಅದು ಹೇಳುತ್ತಿರುತ್ತದೆ. ಸುದ್ದಿಯನ್ನು ಓದಿ. ಓದದೆ ಅಳಿಸಲು ಹೋಗಬೇಡಿ.

ಇಲ್ಲಿ ಯಾಕೆ ಮಾಡುವುದಿಲ್ಲ?

ಊರಿಗೆ ಬಂದ ಮೇಲೆ ನಾನು ಒಂದು ಲೀಟರ್ ಬಿಯರನ್ನೂ ಮಾಡಿಲ್ಲ. ಮದ್ಯ ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕುಡಿಯಲು ಸ್ವಂತಕ್ಕೆ ಮಾಡಿದೆ ಅಂದರೂ ಅದು ವಿನಾಯಿತಿ ಅಲ್ಲ. ಈ ಬರಹ ಓದಿ ಆಯನೂರಿನಲ್ಲೋ ಶಿವಮೊಗ್ಗದಲ್ಲೋ ಯಾರೂ ಪಾತ್ರೆ ಇಡಬೇಡಿ.

ಕಾನೂನು ಹೀಗೆ ಬಿಗಿಯಾಗಿರಲು ಕಾರಣ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, 2008ರ ಮೇನಲ್ಲಿ ಮತ್ತೊಂದು ಕಳ್ಳಬಟ್ಟಿ ದುರಂತ ನಡೆಯಿತು. ಇಂಥ ದುರಂತಗಳಲ್ಲಿ ಕೊಲ್ಲುವುದು ಬೆರಕೆಯಾದ ಮೆಥನಾಲ್. ಕಾಳು ಹುದುಗಿಸಿದ ಬಿಯರಿನಲ್ಲಿ ಆ ಅಪಾಯ ಇಲ್ಲ. ಭಟ್ಟಿ ಇಳಿಸುವುದೇ ಬೇರೆ, ಹುದುಗಿಸುವುದೇ ಬೇರೆ. ಮಿತಿ ಹಾಕಿ, ಮಾರಾಟ ನಿಷೇಧಿಸಿ, ಮನೆಬಳಕೆಗೆ ಬಿಡಬಹುದೇ ಅನ್ನುವುದು ಚರ್ಚಿಸಬಹುದಾದ ಪ್ರಶ್ನೆ ಅಂತ ನನಗನ್ನಿಸುತ್ತದೆ. ಆದರೆ ಗಂಡಸರ ಕುಡಿತದಿಂದ ನೊಂದ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟಿದ್ದಾರೆ ಅನ್ನುವುದನ್ನು ಬದಿಗಿಟ್ಟು ಆ ಚರ್ಚೆ ಮಾಡುವುದು ಸಾಧ್ಯವಿಲ್ಲ. ಹವ್ಯಾಸಿಯ ಅನುಕೂಲ ಒಂದೇ ಸಾಕಾಗುವ ಕಾರಣವಲ್ಲ.

ಮಾರ್ಚ್ ಕೊನೆಯಲ್ಲಿ ಹುಡುಗ ಮತ್ತೆ ಕಾಲ್ ಮಾಡಿದ. ಈ ಸಲ ರಾಗಿಯನ್ನು ಗಂಜಿ ಕಾಯಿಸಿಯೇ ಹಾಕಿದ್ದ, ಪ್ರಮಾಣವನ್ನು ಅರ್ಧ ಕೆಜಿಗೆ ಇಳಿಸಿದ್ದ. ಬಿಳಿ ತಟ್ಟೆಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ಅಯೋಡಿನ್ ಕಂದಾಗಿಯೇ ಇತ್ತು.

‘ಮಾವ, ಈ ಸಲ ತಿಳಿಯಾಗುತ್ತೆ ಅಲ್ವಾ?’

‘ಆಗಬಹುದು. ಮೊದಲು ಬರೆದಿಟ್ಟೆಯೇನೋ?’ ಅಂದೆ.

ಬರೆದಿರಲಿಲ್ಲ. ಫೋನಿಟ್ಟು ಬರೆಯಲು ಹೋದ.